ಪ್ರೇಕ್ಷಕನೋ ದೀಪವೋ: ‘ವಾಲ್ಡನ್’ ಗ್ರಂಥದ ಆತ್ಮವಿಚಾರ

ಅಮೆರಿಕದ ಮೆಸಚುಸೆಟ್ಸ್ ಪ್ರಾಂತದ ಕಾಂಕಾರ್ಡ್ ಎಂಬ ಊರಿನವನಾದ ಹೆನ್ರಿ ಡೇವಿಡ್ ತೋರೋ (೧೮೧೭–೧೮೬೨) ೧೮೫೪ರಲ್ಲಿ ಪ್ರಕಟಪಡಿಸಿದ ‘ವಾಲ್ಡನ್’ ಎಂಬ ಗದ್ಯಗ್ರಂಥವು ಭಾರತೀಯ ವಾಚಕರಲ್ಲಿ ಎರಡು ಬಗೆಯ ಅಭಿಪ್ರಾಯಗಳಿಗೆ ಎಡೆಗೊಟ್ಟಿದೆ. ಪಶ್ಚಿಮದಲ್ಲಿ ಜನಿಸಿದ ಋಷಿಯೊಬ್ಬನ ಉಪನಿಷತ್ತೆಂದು ಅದನ್ನು ಕೊಂಡಾಡುವವರದು ಒಂದು ಪಕ್ಷ; ಅನುವಾದಗಳ ಮೂಲಕ ಹರಿದುಬಂದ ನಾಲ್ಕಾರು ತತ್ತ್ವಗಳನ್ನು ಕಾಡಿನ ವರ್ಣನೆಯೊಡನೆ ಬೆರೆಸಿದ ಎರವಲು ವೇದಾಂತವೆಂದು ತಳ್ಳಿಬಿಡುವವರದು ಇನ್ನೊಂದು. ಹೊಗಳಿಕೆಗೂ ತೆಗಳಿಕೆಗೂ ಒಂದು ದೋಷವು ಸಮಾನವಾಗಿದೆ. ಆ ಗ್ರಂಥದಲ್ಲಿ ಬರುವ ಆತ್ಮವು ಯಾವ ದರ್ಶನದ ಆತ್ಮ, ಅದು ಯಾವ ದಾರಿಯಿಂದ ಅಲ್ಲಿಗೆ ಬಂದಿತು, ಅಲ್ಲಿ ವರ್ಣಿತವಾದ ದಿನದಿನದ ಬಾಳಿಗೂ ಅದಕ್ಕೂ ಹೊಂದಿಕೆಯುಂಟೆ ಎಂಬುದನ್ನು ಎರಡು ಪಕ್ಷದವರೂ ವಿಚಾರಿಸುವುದಿಲ್ಲ. ದರ್ಶನಗಳೆಲ್ಲ ಒಂದೇ ಎಂದು ಮೊದಲೇ ನಿಶ್ಚಯಿಸಿಕೊಂಡವನಿಗೆ ಈ ವಿಚಾರದ ಅಗತ್ಯವೇ ತೋರದು. ಆದರೆ ಗ್ರಂಥಕರ್ತನು ತನ್ನ ಬಾಳಿನಲ್ಲಿ ಕಂಡ ಒಂದು ಕೊರತೆಯನ್ನು ತಾನೇ ಬಾಯಿಬಿಟ್ಟು ಹೇಳಿಕೊಂಡಿರುವುದರಿಂದಲೂ, ಆ ಕೊರತೆಯ ಬೇರು ದರ್ಶನಭೇದದಲ್ಲಿಯೇ ಇರುವುದರಿಂದಲೂ ಈ ವಿಮರ್ಶೆಯು ನಿಷ್ಪ್ರಯೋಜಕವಾಗಲಾರದು.

ಮೊದಲು ಗ್ರಂಥಕ್ಕೆ ಆಧಾರವಾದ ವೃತ್ತಾಂತ. ತೋರೋವು ೧೮೪೫ನೆಯ ಜುಲೈ ೪ರಂದು, ಊರಿಗೆ ಒಂದೂವರೆ ಮೈಲಿ ದೂರದ ವಾಲ್ಡನ್ ಕೊಳದ ದಂಡೆಯಲ್ಲಿ, ಹತ್ತಡಿ ಅಗಲ ಹದಿನೈದಡಿ ಉದ್ದದ ಮರದ ಗುಡಿಸಲಿನಲ್ಲಿ ವಾಸಕ್ಕೆ ತೊಡಗಿದನು. ೧೮೪೭ನೆಯ ಸೆಪ್ಟೆಂಬರ್ ೬ರಂದು ಅದನ್ನು ಬಿಟ್ಟನು. ನೆಲವು ಅವನ ಹಿರಿಯ ಮಿತ್ರನಾದ ಎಮರ್ಸನ್ನನದು. ಗುಡಿಸಲನ್ನು ತಾನೇ ಕಟ್ಟಿದನು. ಹಲಗೆ, ಮೊಳೆ, ಸುಣ್ಣಗಳ ಬೆಲೆಯನ್ನು ಬಿಡಿಬಿಡಿಯಾಗಿ ಬರೆದು, ಒಟ್ಟು ವೆಚ್ಚ ೨೮ ಡಾಲರು ೧೨½ ಸೆಂಟು ಎಂದು ಗ್ರಂಥದಲ್ಲಿಯೇ ಲೆಕ್ಕ ಒಪ್ಪಿಸಿದ್ದಾನೆ. ಇದನ್ನು ಅರಣ್ಯವಾಸವೆಂದು ಕರೆಯುವುದು ರೂಢಿಯಾಗಿದೆಯಾದರೂ ಶಾಸ್ತ್ರದೃಷ್ಟಿಯಿಂದ ಆ ಹೆಸರು ಸಲ್ಲದು. ಒಂದೆರಡು ದಿನಕ್ಕೊಮ್ಮೆ ಊರಿಗೆ ಹೋಗಿ ಸುದ್ದಿ ಕೇಳಿಬರುತ್ತಿದ್ದನೆಂದು ಅವನೇ ಒಪ್ಪಿಕೊಂಡಿದ್ದಾನೆ. ರೈಲುದಾರಿಯು ಕೊಳದ ಅಂಚನ್ನು ಮುಟ್ಟಿಕೊಂಡೇ ಹೋಗುತ್ತಿತ್ತು. ಗುರುಕುಲವಿಲ್ಲದುದರಿಂದ ಅದು ಬ್ರಹ್ಮಚರ್ಯವಲ್ಲ. ಗಾರ್ಹಸ್ಥ್ಯವನ್ನು ದಾಟಿ ಬಂದುದಲ್ಲವಾದುದರಿಂದ ವಾನಪ್ರಸ್ಥವಲ್ಲ. ಒಲೆಯನ್ನೂ ಲೆಕ್ಕದ ಪುಸ್ತಕವನ್ನೂ ಬಿಡದುದರಿಂದ ಸಂನ್ಯಾಸವಂತೂ ಅಲ್ಲವೇ ಅಲ್ಲ. ಇಪ್ಪತ್ತೇಳು ವರ್ಷದ ಅವಿವಾಹಿತನೊಬ್ಬನು, ಮನುಷ್ಯನಿಗೆ ಬದುಕಲು ಎಷ್ಟು ಸಾಕು ಎಂಬುದನ್ನು ತನ್ನ ಮೈಯ ಮೇಲೆಯೇ ಪ್ರಯೋಗಿಸಿ ನೋಡಿದ ಪರೀಕ್ಷೆ ಅದು. ವರ್ಷಕ್ಕೆ ಆರು ವಾರ ಕೂಲಿ ದುಡಿದರೆ ಉಳಿದ ಕಾಲವೆಲ್ಲ ತನ್ನದಾಗುವುದೆಂಬುದು ಆ ಪರೀಕ್ಷೆಯಿಂದ ಅವನಿಗೆ ದೊರೆತ ಫಲ.

ಅವನ ಕೈಗೆ ಬಂದ ಭಾರತೀಯ ಗ್ರಂಥಗಳು ಯಾವುವೆಂಬುದು ತಕ್ಕಷ್ಟು ತಿಳಿದಿದೆ. ಚಾರ್ಲ್ಸ್ ವಿಲ್ಕಿನ್ಸನು ಇಂಗ್ಲಿಷಿಗೆ ತಿರುಗಿಸಿ, ವಾರನ್ ಹೇಸ್ಟಿಂಗ್ಸನ ಪತ್ರದೊಡನೆ ೧೭೮೫ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಭಗವದ್ಗೀತೆ, ಸರ್ ವಿಲಿಯಂ ಜೋನ್ಸನ ಮನುಸ್ಮೃತಿ, ಇದರಿಂದ ಆರಿಸಿದ ಭಾಗಗಳು ೧೮೪೩ರ ಜನವರಿಯಲ್ಲಿ ‘ಡಯಲ್’ ಎಂಬ ಪತ್ರಿಕೆಯಲ್ಲಿ ಪ್ರಕಟವಾದುವು, ಫ್ರೆಂಚ್ ಭಾಷೆಯಲ್ಲಿದ್ದ ಹರಿವಂಶ, ಈಶ್ವರಕೃಷ್ಣನ ಸಾಂಖ್ಯಕಾರಿಕೆ. ಈ ಕೊನೆಯದನ್ನು ಕೋಲ್‌ಬ್ರೂಕನು ಅನುವಾದಿಸಿದ್ದನು. ಗೌಡಪಾದಭಾಷ್ಯದ ಅನುವಾದವನ್ನೂ ತನ್ನ ವಿವರಣೆಯನ್ನೂ ಸೇರಿಸಿ ಹೋರೇಸ್ ಹೇಮನ್ ವಿಲ್ಸನನು ೧೮೩೭ರಲ್ಲಿ ಆಕ್ಸ್‌ಫರ್ಡಿನಲ್ಲಿ ಪ್ರಕಟಿಸಿದನು. ಗೀತೆಯ ಪ್ರಭಾವವನ್ನು ಕುರಿತು ವಿಮರ್ಶಕರು ಬೇಕಾದಷ್ಟು ಬರೆದಿದ್ದಾರೆ. ಕಾರಿಕೆಯ ಕಡೆಗೆ ಅಷ್ಟಾಗಿ ದೃಷ್ಟಿ ಹೋಗಿಲ್ಲ. ‘ವಾಲ್ಡನ್’ ಗ್ರಂಥದ ಆತ್ಮವಿಚಾರಕ್ಕೆ ಬೀಗದಕೈ ಇರುವುದು ಅದರಲ್ಲಿಯೇ.

ಗ್ರಂಥದ ಎರಡನೆಯ ಅಧ್ಯಾಯದಲ್ಲಿ ಒಂದು ಹಿಂದೂ ಗ್ರಂಥದಲ್ಲಿ ಓದಿದುದಾಗಿ ಹೇಳಿ ತೋರೋವು ರಾಜಪುತ್ರನ ಕಥೆಯೊಂದನ್ನು ತಂದಿದ್ದಾನೆ. ಶೈಶವದಲ್ಲಿಯೇ ಪಟ್ಟಣದಿಂದ ಹೊರದೂಡಲ್ಪಟ್ಟ ರಾಜಕುಮಾರನೊಬ್ಬನು ಕಾಡಿನವನ ಮನೆಯಲ್ಲಿ ಬೆಳೆದು, ತಾನೂ ಆ ಕುಲದವನೇ ಎಂದು ನಂಬಿಕೊಂಡಿರುವನು. ತಂದೆಯ ಮಂತ್ರಿಯೊಬ್ಬನು ಅವನನ್ನು ಕಂಡು ನಿಜವನ್ನು ತಿಳಿಸಲು, ಭ್ರಮೆ ಹರಿದು ತಾನು ರಾಜಪುತ್ರನೆಂದರಿಯುವನು. ಅಂತೆಯೇ ಆತ್ಮವೂ ಗುರುವಿನ ಉಪದೇಶದಿಂದ ತಾನು ಬ್ರಹ್ಮವೆಂದು ಅರಿಯುತ್ತದೆ ಎಂಬುದು ದಾರ್ಷ್ಟಾಂತಿಕ.

ಸಂಸ್ಕೃತ ಪಾಠಶಾಲೆಯಲ್ಲಿ ಓದಿದವರಿಗೆ ಇದು ಹಳೆಯ ಕಥೆ. ಬೃಹದಾರಣ್ಯಕಭಾಷ್ಯದಲ್ಲಿ, ಎರಡನೆಯ ಅಧ್ಯಾಯದ ಮೊದಲ ಬ್ರಾಹ್ಮಣವನ್ನು ವ್ಯಾಖ್ಯಾನಿಸುವಾಗ, ಸಂಪ್ರದಾಯವನ್ನು ಬಲ್ಲವರು ಹೇಳುವ ಆಖ್ಯಾಯಿಕೆಯೆಂದು ಶಂಕರಭಗವತ್ಪಾದರು ಇದನ್ನು ಉದಾಹರಿಸಿದ್ದಾರೆ. ಸಾಂಖ್ಯಸೂತ್ರಗಳ ನಾಲ್ಕನೆಯ ಅಧ್ಯಾಯವು ಮೊದಲ್ಗೊಳ್ಳುವುದೂ ಈ ದೃಷ್ಟಾಂತದಿಂದಲೇ. ಆದರೆ ಎರಡರಲ್ಲಿಯೂ ಕಥೆ ಒಂದೇ ಆದರೂ ಬೋಧಿಸುವವನು ಒಬ್ಬನೇ ಅಲ್ಲ. ಶಂಕರರ ಕಥೆಯಲ್ಲಿ ಹುಡುಗನು ಬೆಳೆಯುವುದು ವ್ಯಾಧನ ಮನೆಯಲ್ಲಿ. ನಿಜವನ್ನು ತಿಳಿಸುವವನು ಪರಮ ಕಾರುಣಿಕನಾದ ಯಾವನೋ ಒಬ್ಬನು. ಸಾಂಖ್ಯಸೂತ್ರಕ್ಕೆ ವಿಜ್ಞಾನಭಿಕ್ಷು ಬರೆದ ಪ್ರವಚನಭಾಷ್ಯದ ಕಥೆಯಲ್ಲಿ ಅವನನ್ನು ಸಾಕುವವನು ಶಬರ, ತಿಳಿಸುವವನು ಅಮಾತ್ಯ. ತೋರೋವಿನ ಕಥೆಯಲ್ಲಿ ಬರುವವನೂ ಮಂತ್ರಿಯೇ. ವಿಲ್ಸನನಾದರೋ ತನ್ನ ವಿವರಣೆಯಲ್ಲಿ ಪ್ರವಚನಭಾಷ್ಯವನ್ನು ಮತ್ತೆ ಮತ್ತೆ ಆಶ್ರಯಿಸಿದವನು. ಆದಕಾರಣ ಈ ಕಥೆಯು ತೋರೋವಿಗೆ ಬಂದುದು ಸಾಂಖ್ಯದ ಬಾಗಿಲಿನಿಂದಲ್ಲದೆ ಉಪನಿಷದ್ಭಾಷ್ಯದ ಬಾಗಿಲಿನಿಂದಲ್ಲ.

ಇಲ್ಲಿ ಪಂಡಿತನಾದವನು ಒಡನೆಯೇ ಒಂದು ಆಕ್ಷೇಪವನ್ನೆತ್ತುವನು. ಸಾಂಖ್ಯದಲ್ಲಿ ಬ್ರಹ್ಮವೆಲ್ಲಿಯದು? ಅಲ್ಲಿ ಇರುವುದು ಪ್ರಕೃತಿ ಮತ್ತು ಅಸಂಖ್ಯಾತರಾದ ಪುರುಷರು. ಸಾಂಖ್ಯದ ಕಥೆಗೆ ವೇದಾಂತದ ಫಲಶ್ರುತಿಯನ್ನು ಅಂಟಿಸಿದ ಈ ಪರದೇಶೀಯನು ದರ್ಶನಗಳನ್ನು ಬೆರಕೆ ಮಾಡಿದ್ದಾನೆಂದು ಹೇಳಲು ಯಾರಿಗಾದರೂ ತೋರುವುದು ಸಹಜ. ಆದರೆ ಪ್ರವಚನಭಾಷ್ಯವನ್ನು ತೆಗೆದು ನೋಡಿದರೆ ಅಪರಾಧಿಯು ತೋರೋವಲ್ಲ. ಆದಿಪುರುಷನಿಂದ ಹುಟ್ಟಿದ ಅಂಶವೇ ಜೀವನಾದುದರಿಂದ ತಾನೂ ಬ್ರಹ್ಮವೇ ಎಂದು ತಿಳಿಯುವನೆಂಬ ಅರ್ಥವನ್ನು ಆ ಸೂತ್ರಕ್ಕೆ ಹೇಳಿದವನು ವಿಜ್ಞಾನಭಿಕ್ಷುವೇ. ಹದಿನಾರನೆಯ ಶತಮಾನದ ಆ ಯತಿಯು ಸಾಂಖ್ಯ, ಯೋಗ, ವೇದಾಂತಗಳನ್ನು ಒಂದುಗೂಡಿಸಲು ಜೀವಮಾನವೆಲ್ಲ ದುಡಿದವನು. ಬೆರಕೆಯು ಕಾಂಕಾರ್ಡಿನಲ್ಲಿ ಆದುದಲ್ಲ. ಅದಕ್ಕೆ ಸುಮಾರು ಮುನ್ನೂರು ವರ್ಷ ಮೊದಲೇ ಭರತಖಂಡದಲ್ಲಿ ಆಗಿಹೋಗಿತ್ತು. ಪರದೇಶೀಯರ ತಪ್ಪನ್ನು ಹಿಡಿಯಹೊರಟವರು ಕೆಲವು ವೇಳೆ ಸ್ವದೇಶೀಯರ ಪುಟಗಳನ್ನು ತಿರುವಿ ನೋಡದೆ ಹೋಗುವುದುಂಟು.

ಹಾಗೆಂದಮಾತ್ರಕ್ಕೆ ಬೆರಕೆಯು ನಿರ್ದುಷ್ಟವೆಂದು ಆಗುವುದಿಲ್ಲ. ವಿಜ್ಞಾನಭಿಕ್ಷುವು ಶಾಸ್ತ್ರಸಮನ್ವಯದಲ್ಲಿ ಮುಚ್ಚಿದ ಬಿರುಕು ತೋರೋವಿನ ದಿನಚರಿಯಲ್ಲಿ ಮತ್ತೆ ಬಾಯ್ದೆರೆಯಿತು. ಅದು ಕಾಣುವುದು ಏಕಾಂತವನ್ನು ಕುರಿತ ಅಧ್ಯಾಯದಲ್ಲಿ. ತನ್ನೊಳಗೆ ಒಂದು ಬಗೆಯ ಇಮ್ಮಡಿತನವಿದೆ, ತಾನು ಅನುಭವಿಸುವಾಗಲೂ ತನ್ನದೊಂದು ಭಾಗವು ಅನುಭವದಲ್ಲಿ ಪಾಲುಗೊಳ್ಳದೆ ದೂರ ನಿಂತು ನೋಡುತ್ತಿರುತ್ತದೆ, ಆ ಭಾಗವು ತಾನೆಂದಷ್ಟೇ ಅಲ್ಲ ಯಾರದೆಂದೂ ಹೇಳಲಾಗದು ಎಂಬರ್ಥದಲ್ಲಿ ಅಲ್ಲಿ ಬರೆದಿದ್ದಾನೆ. ಹೊಳೆಯಲ್ಲಿ ತೇಲುವ ಮರದ ತುಂಡೂ ತಾನಾಗಬಹುದು, ಆಕಾಶದಿಂದ ಅದನ್ನು ನೋಡುವ ಇಂದ್ರನೂ ತಾನಾಗಬಹುದು ಎಂಬ ಉಪಮಾನವೂ ಅಲ್ಲಿಯೇ ಬರುತ್ತದೆ. ಬಾಳು ಒಂದು ನಾಟಕ. ಅದು ಮುಗಿದ ಮೇಲೆ ನೋಡುತ್ತಿದ್ದವನು ಎದ್ದು ತನ್ನ ದಾರಿ ಹಿಡಿಯುವನು. ಇಷ್ಟಾದ ಮೇಲೆ ಬರುವ ಮಾತು ಮುಖ್ಯವಾದುದು: ಈ ಇಮ್ಮಡಿತನವು ಕೆಲವೊಮ್ಮೆ ಮನುಷ್ಯನನ್ನು ಒಳ್ಳೆಯ ನೆರೆಯವನಾಗಿಯೂ ಒಳ್ಳೆಯ ಗೆಳೆಯನಾಗಿಯೂ ಇರಗೊಡದು ಎಂದು ಅವನು ಮುಚ್ಚುಮರೆಯಿಲ್ಲದೆ ಒಪ್ಪಿಕೊಳ್ಳುತ್ತಾನೆ.

ಈ ಒಪ್ಪಿಗೆಯನ್ನು ಹೊಗಳುವವರು ಕಾಣದೆ ದಾಟಿಹೋಗುತ್ತಾರೆ, ತೆಗಳುವವರು ಆಯುಧವಾಗಿ ಎತ್ತಿಕೊಳ್ಳುತ್ತಾರೆ. ಸಾಕ್ಷಿಭಾವವನ್ನು ದಿನದ ಬಾಳಿಗೆ ತಂದುಕೊಂಡರೆ ಎದೆ ಒಣಗುವುದೆಂಬುದು ಪೂರ್ವದ ತತ್ತ್ವಗಳ ಮೇಲೆ ಪಶ್ಚಿಮದವರು ಹೊರಿಸುವ ಹಳೆಯ ಆರೋಪ. ಅದಕ್ಕೆ ಇಲ್ಲಿ ಆ ತತ್ತ್ವಗಳನ್ನು ಪ್ರೀತಿಸಿದವನ ಬಾಯಿಂದಲೇ ಪ್ರಮಾಣ ದೊರೆತಂತಾಯಿತು. ಆದುದರಿಂದ ಆ ಸಾಕ್ಷಿ ಯಾರು ಎಂಬುದನ್ನು ನಿರ್ಣಯಿಸಲೇಬೇಕು.

ನಾಟಕದ ಉಪಮಾನವೇ ಅದರ ಕುಲವನ್ನು ಹೇಳುತ್ತದೆ. ರಂಗದಲ್ಲಿ ತನ್ನನ್ನು ತೋರಿಸಿಕೊಂಡ ಮೇಲೆ ನರ್ತಕಿಯು ನಿವೃತ್ತಳಾಗುವಂತೆ ಪ್ರಕೃತಿಯೂ ಪುರುಷನಿಗೆ ತನ್ನನ್ನು ತೋರಿಸಿ ನಿವೃತ್ತಳಾಗುವಳೆಂಬುದು ಸಾಂಖ್ಯಕಾರಿಕೆಯ ಪ್ರಸಿದ್ಧವಾದ ಹೋಲಿಕೆ. ಪುರುಷನು ಪ್ರೇಕ್ಷಕನಂತೆ ಸ್ವಸ್ಥನಾಗಿ ಕುಳಿತು ಅವಳನ್ನು ನೋಡುವನೆಂದು ಮುಂದೆ ಹೇಳಿದೆ. ತೋರೋವು ೧೮೪೯ರಲ್ಲಿ ಪ್ರಕಟಿಸಿದ ತನ್ನ ಮೊದಲ ಗ್ರಂಥದಲ್ಲಿ, ಎರಡು ನದಿಗಳ ಮೇಲಣ ದೋಣಿಯಾನವನ್ನು ವರ್ಣಿಸುತ್ತ, ಈ ನರ್ತಕಿಯ ಹೋಲಿಕೆಯನ್ನು ಹಿಂದೂ ಮುನಿಯೊಬ್ಬನ ಮಾತೆಂದು ಎತ್ತಿ ಬರೆದಿದ್ದಾನೆ. ಗ್ರಂಥದ ಹೆಸರನ್ನು ಮಾತ್ರ ಹೇಳಿಲ್ಲ. ‘ವಾಲ್ಡನ್’ ಗ್ರಂಥದ ಸಾಕ್ಷಿಯು ಮೊದಲು ಅವನ ದಿನಚರಿಯಲ್ಲಿ ಕಾಣಿಸಿಕೊಳ್ಳುವುದು ೧೮೫೨ನೆಯ ಆಗಸ್ಟಿನಲ್ಲಿ. ಎಂದರೆ ಕೊಳವನ್ನು ಬಿಟ್ಟು ಐದು ವರ್ಷ ಕಳೆದ ಮೇಲೆ, ಊರಿನ ಮನೆಯಲ್ಲಿ ಬಂಧುಗಳ ನಡುವೆ ಇರುವಾಗ. ಕಾಡಿನ ಏಕಾಂತವು ಈ ಮಾತನ್ನು ಹುಟ್ಟಿಸಿತೆಂದು ಓದುವವರಿಗೆ ತೋರುವುದಾದರೂ ವಸ್ತುಸ್ಥಿತಿ ಹಾಗಿಲ್ಲ. ಜನರ ನಡುವಿನ ಏಕಾಂತವೇ ಅದನ್ನು ಹುಟ್ಟಿಸಿದುದು.

ಸಾಂಖ್ಯದ ಪ್ರೇಕ್ಷಕನಿಗೆ ನೆರೆಯವನೆಂಬುವನು ಏಕಿಲ್ಲ? ಪುರುಷರು ಅನೇಕರು, ಒಬ್ಬೊಬ್ಬನೂ ತನ್ನ ತನ್ನ ಬುದ್ಧಿಯ ಕುಣಿತವನ್ನು ನೋಡುವವನೇ ಹೊರತು ಪಕ್ಕದಲ್ಲಿ ಕುಳಿತವನನ್ನು ನೋಡುವವನಲ್ಲ. ಕೊನೆಯಲ್ಲಿ ಅವನಿಗೆ ಬರುವ ಪದವಿಯ ಹೆಸರೇ ಕೈವಲ್ಯ, ಎಂದರೆ ಒಂಟಿಯಾಗಿರುವಿಕೆ. ಶಾಸ್ತ್ರದಲ್ಲಿ ಇದು ದುಃಖನಿವೃತ್ತಿಯ ಶಿಖರ. ಅದೇ ಭಾವವನ್ನು ಸಂಜೆಯ ಹೊತ್ತು ಗೆಳೆಯನ ಮನೆಯ ಜಗಲಿಗೆ ಹೊತ್ತುಕೊಂಡು ಹೋದವನಿಗೆ ಗೆಳೆಯನ ಮಾತೂ ರಂಗದ ಮೇಲಣ ಮಾತಾಗಿ ಕೇಳುವುದರಲ್ಲಿ ಆಶ್ಚರ್ಯವಿಲ್ಲ. ತೋರೋವಿನ ಕೊರತೆಯು ಅವನ ಸ್ವಭಾವದ ಕೊರತೆಯೂ ಆಗಿದ್ದಿರಬಹುದು. ಆದರೆ ಆ ಸ್ವಭಾವಕ್ಕೆ ತತ್ತ್ವದ ಬೆಂಬಲ ದೊರೆತುದು ಈ ಕಡೆಯಿಂದ.

ವೇದಾಂತದಲ್ಲಿಯೂ ಸಾಕ್ಷಿಯಿದ್ದಾನೆ, ವೇದಾಂತದಲ್ಲಿಯೂ ನಾಟಕಶಾಲೆಯ ಹೋಲಿಕೆಯಿದೆ. ಶೃಂಗೇರಿಯ ವಿದ್ಯಾರಣ್ಯರ ಹೆಸರಿನಲ್ಲಿ ಪ್ರಸಿದ್ಧವಾದ ಪಂಚದಶಿಯ ಹತ್ತನೆಯ ಪ್ರಕರಣಕ್ಕೆ ನಾಟಕದೀಪವೆಂದೇ ಹೆಸರು. ಆದರೆ ಅಲ್ಲಿ ಸಾಕ್ಷಿಯು ಕುಳಿತಿರುವ ಸ್ಥಾನವೇ ಬೇರೆ. ಆ ನೃತ್ಯಶಾಲೆಯಲ್ಲಿ ಅಹಂಕಾರವೇ ಪ್ರಭು, ವಿಷಯಗಳೇ ಸಭಿಕರು, ಬುದ್ಧಿಯೇ ನರ್ತಕಿ, ಇಂದ್ರಿಯಗಳೇ ತಾಳ ಹಾಕುವವರು. ಸಾಕ್ಷಿಯು ಇವರಾರೂ ಅಲ್ಲ. ಇವರೆಲ್ಲರನ್ನೂ ಏಕಪ್ರಕಾರವಾಗಿ ಬೆಳಗುವ ದೀಪ. ಎಲ್ಲರೂ ಎದ್ದುಹೋದ ಮೇಲೂ ಅದು ಬೆಳಗುತ್ತಲೇ ಇರುವುದು. ಕಾರಿಕೆಯ ಪ್ರೇಕ್ಷಕನು ರಂಗಕ್ಕೆ ಎದುರಾಗಿ ಕುಳಿತವನು, ದೀಪಕ್ಕೆ ಎದುರೆಂಬುದಿಲ್ಲ. ತೋರೋವಿನ ಪ್ರೇಕ್ಷಕನು ಆಟ ಮುಗಿದೊಡನೆ ಮನೆಗೆ ಹೋಗುವನು. ದೀಪವು ಎಲ್ಲಿಗೂ ಹೋಗದು.

ಇನ್ನೊಂದು ಸೂಕ್ಷ್ಮವೂ ಇದೆ. ನೋಡುತ್ತಿರುವುದು ತನ್ನ ಒಂದು ಭಾಗವೆಂದು ತೋರೋವು ಹೇಳುತ್ತಾನೆ. ವೇದಾಂತಿಯ ಮತದಲ್ಲಿ, ಭಾಗವೆಂದು ಬೆರಳಿಟ್ಟು ತೋರಿಸಬಹುದಾದುದೆಲ್ಲವೂ ದೃಶ್ಯವೇ, ದೃಕ್ಕಲ್ಲ. ದೂರ ನಿಂತಂತೆ ತೋರುವ, ಬಂದು ಹೋಗುವ, ಕೆಲವೊಮ್ಮೆ ನೆರೆಹೊರೆಯವರಿಗೆ ಕಿರುಕುಳವಾಗುವ ಆ ನೋಟವು ಬುದ್ಧಿಯದೇ ಒಂದು ವೃತ್ತಿ, ನರ್ತಕಿಯದೇ ಇನ್ನೊಂದು ಅಭಿನಯ. ಅದನ್ನು ಸಾಕ್ಷಿಯೆಂದು ಭ್ರಮಿಸಿದವರು ತೋರೋವೊಬ್ಬನೇ ಅಲ್ಲ. ಜಪಮಣಿ ಹಿಡಿದು ಮಗುವಿನ ಅಳುವನ್ನು ಕೇಳದಂತಿರುವವರು ಎಲ್ಲ ಊರುಗಳಲ್ಲಿಯೂ ಉಂಟು.

ದೀಪವಾದರೂ ನೆರೆಯವನಿಗೆ ನೀರು ತಂದುಕೊಡುವುದೆ, ಅದೂ ಉದಾಸೀನವೇ ಅಲ್ಲವೆ ಎಂದು ಪ್ರಶ್ನಿಸಬಹುದು. ಪ್ರಶ್ನೆ ನ್ಯಾಯವಾದುದೇ. ಸಾಕ್ಷಿಯು ಯಾರಿಗೂ ಏನನ್ನೂ ಮಾಡಿಕೊಡುವುದಿಲ್ಲ. ಮಾಡುವವನು ದೇಹೇಂದ್ರಿಯಗಳನ್ನುಳ್ಳ ವ್ಯವಹಾರದ ಮನುಷ್ಯನು. ವ್ಯತ್ಯಾಸವಿಷ್ಟೇ: ಪ್ರೇಕ್ಷಕನಾಗಿ ಕುಳಿತವನು ಆಟಗಾರನಾಗಿ ಏಳಬೇಕಾದರೆ ತನ್ನ ಪೀಠವನ್ನು ಬಿಡಬೇಕು, ದೀಪದ ಬೆಳಕಿನಲ್ಲಿ ಆಡುವವನು ಏನನ್ನೂ ಬಿಡಬೇಕಾಗಿಲ್ಲ. ಪಂಚದಶಿಯ ತೃಪ್ತಿದೀಪದಲ್ಲಿ, ಮಾಡಬೇಕಾದುದೇನೂ ಉಳಿಯದವನೂ ಲೋಕಾನುಗ್ರಹದ ಇಚ್ಛೆಯಿಂದ ಶಾಸ್ತ್ರಮಾರ್ಗದಲ್ಲಿಯೇ ನಡೆಯಬಹುದೆಂದು ಹೇಳಿರುವುದು ಈ ಕಾರಣದಿಂದಲೇ ಸಂಗತವಾಗುತ್ತದೆ.

ಆ ಕಾಲದ ಇಂಗ್ಲಿಷ್ ಓದುಗನಿಗೆ ದುರ್ಲಭವಾಗಿದ್ದ ಪ್ರಕರಣಗ್ರಂಥವೊಂದನ್ನು ಎದುರಿಗಿಟ್ಟು ತೋರೋವನ್ನು ಸೋಲಿಸುವುದು ಈ ಹೋಲಿಕೆಯ ಉದ್ದೇಶವಲ್ಲ. ಅವನ ಗ್ರಂಥದಲ್ಲಿಯೇ ಬೇರೊಂದು ಕಡೆ, ತತ್ತ್ವದ ಮಾತು ಕಡಮೆಯಾಗಿ ಕೆಲಸದ ಮಾತು ಹೆಚ್ಚಾಗಿರುವಲ್ಲಿ, ಪ್ರೇಕ್ಷಕನು ಪೀಠದಿಂದ ಇಳಿದಿರುವುದು ಕಾಣುತ್ತದೆ. ಕಾಳಿನ ಹೊಲವನ್ನು ಕುರಿತ ಅಧ್ಯಾಯವೇ ಅದು.

ಗುಡಿಸಲಿನ ಬಳಿ ಎರಡೂವರೆ ಎಕರೆ ನೆಲವನ್ನು ಹದಮಾಡಿ ತೋರೋವು ಮುಖ್ಯವಾಗಿ ಅವರೆಯ ಜಾತಿಯ ಬಿಳಿಯ ಕಾಳನ್ನು ಬಿತ್ತಿದನು. ಬೆಳಗಿನ ಇಬ್ಬನಿ ಆರುವ ಮುನ್ನ ಬರಿಗಾಲಿನಲ್ಲಿ ನಿಂತು ಕಳೆ ತೆಗೆಯುತ್ತಿದ್ದನು. ಮೊದಲ ವರ್ಷದ ಲೆಕ್ಕ ಹೀಗಿದೆ: ಖರ್ಚು ೧೪ ಡಾಲರು ೭೨½ ಸೆಂಟು, ಉತ್ಪತ್ತಿ ೨೩ ಡಾಲರು ೪೪ ಸೆಂಟು, ಉಳಿದುದು ೮ ಡಾಲರು ೭೧½ ಸೆಂಟು. ಅರ್ಧ ಸೆಂಟನ್ನೂ ಬಿಡದ ಈ ಲೆಕ್ಕಿಗನು ಅದೇ ಅಧ್ಯಾಯದಲ್ಲಿ, ಗುದ್ದಲಿಯು ಕಲ್ಲಿಗೆ ತಾಗಿ ಕೇಳಿಬರುವ ನಾದದಲ್ಲಿ ತಾನೂ ಮರೆತು ಕಾಳೂ ಮರೆತು ಬರಿಯ ಕೆಲಸವೊಂದೇ ಉಳಿದ ಗಳಿಗೆಯನ್ನು ವರ್ಣಿಸಿದ್ದಾನೆ. ಇಲ್ಲಿ ದೂರ ನಿಂತು ನೋಡುವ ಭಾಗವೊಂದಿಲ್ಲ. ಕರ್ತೃತ್ವವು ಹೋದುದು ನೋಟದಿಂದಲ್ಲ, ಕೆಲಸದಿಂದ. ಅಧ್ಯಾಯದ ಕೊನೆಗೆ ಬಂದಾಗ, ಬೆಳೆಯಲ್ಲಿ ಒಂದು ಪಾಲು ಹೊಲ ಕೊರೆಯುವ ಪ್ರಾಣಿಗಳಿಗೂ ಸಲ್ಲುವುದೆಂದು ಒಪ್ಪಿ, ನಿಜವಾದ ಒಕ್ಕಲಿಗನು ಮೊದಲ ಫಲವನ್ನಷ್ಟೇ ಅಲ್ಲ ಕೊನೆಯ ಫಲವನ್ನೂ ಮನಸ್ಸಿನಲ್ಲಿ ಅರ್ಪಿಸಿಬಿಡುವನೆಂದು ಹೇಳುತ್ತಾನೆ. ಮೊದಲ ಫಲವನ್ನು ದೇವರಿಗೆ ಒಪ್ಪಿಸುವುದು ಬೈಬಲಿನ ವಿಧಿ. ಕೊನೆಯ ಫಲದವರೆಗೆ ಅದನ್ನು ಎಳೆದುದು ಗೀತೆಯನ್ನು ಓದಿದವನ ಕೈ. ಫಲತ್ಯಾಗಿಗೆ ಲೆಕ್ಕವೇಕೆ ಎಂದು ಕೆಲವರು ನಗುವರು. ಕೊಡುವುದೆಷ್ಟೆಂದು ಅರಿಯದವನು ಬಿಟ್ಟುದೆಷ್ಟೆಂದು ಹೇಗೆ ಅರಿಯುವನು?

ಕನ್ನಡದ ಓದುಗರಿಗೆ ಇಲ್ಲಿ ಶರಣರ ಕಾಯಕವು ನೆನಪಾಗುವುದು ಸಹಜವಾದರೂ ಈ ಸಾಮ್ಯವನ್ನು ತುಂಬ ದೂರ ಒಯ್ಯಲಾಗದು. ಕಾಯಕಕ್ಕೆ ದಾಸೋಹವು ಜೊತೆಯಾಗಿದೆ. ಬೆಳೆದುದು ಸೇರುವ ಮನೆಯೊಂದಿದೆ. ವಾಲ್ಡನ್ನಿನ ಹೊಲಕ್ಕೆ ಅಂಥ ಮನೆಯಿಲ್ಲ. ಹಾಗೆಂದು ಗುಡಿಸಲಿಗೆ ಅತಿಥಿಗಳು ಬರಲೇ ಇಲ್ಲವೆಂದು ಭಾವಿಸಬಾರದು. ಅಲ್ಲಿದ್ದ ಕುರ್ಚಿಗಳು ಮೂರು, ಮೂರನೆಯದು ಸಮಾಜಕ್ಕೆ ಮೀಸಲು. ಒಡೆಯನಿಂದ ತಪ್ಪಿಸಿಕೊಂಡು ಬಂದ ದಾಸನೊಬ್ಬನನ್ನು ಉತ್ತರದ ಕಡೆಗೆ ಸಾಗಿಸಲು ನೆರವಾದುದನ್ನು ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಹೋಗುತ್ತಾನೆ. ಏಕಾಂತಕ್ಕೆ ಇಡೀ ಅಧ್ಯಾಯ, ಇದಕ್ಕೆ ಒಂದು ವಾಕ್ಯ. ಹೇಳಿಕೊಳ್ಳದಿರುವುದು ವಿನಯವೂ ಹೌದು, ಕಾನೂನಿನ ಭಯವಿದ್ದ ಕಾಲದಲ್ಲಿ ವಿವೇಕವೂ ಹೌದು. ಆದರೆ ಇದರಿಂದ ಗ್ರಂಥವು ತನ್ನ ಕರ್ತೃವಿಗಿಂತ ಒಂಟಿಯಾಗಿ ಕಾಣುತ್ತದೆ.

ಗೀತೆಯ ಪ್ರಸ್ತಾಪ ಬಂದುದರಿಂದ ತೋರೋವು ಗೀತೆಯ ಮೇಲೆ ಮಾಡಿದ ಆಕ್ಷೇಪವನ್ನೂ ಇಲ್ಲಿಯೇ ಪರಿಶೀಲಿಸಬೇಕು. ೧೮೪೯ರ ಗ್ರಂಥದಲ್ಲಿ ಸೋಮವಾರದ ಅಧ್ಯಾಯದಲ್ಲಿ ಗೀತೆಯನ್ನು ಬಾಯ್ತುಂಬ ಹೊಗಳಿದ ಮೇಲೆ, ಅರ್ಜುನನು ಯುದ್ಧ ಮಾಡಬೇಕೆಂಬುದಕ್ಕೆ ಕೃಷ್ಣನು ಸಾಕಷ್ಟು ಕಾರಣವನ್ನು ಕೊಟ್ಟಿಲ್ಲ, ಅರ್ಜುನನಿಗೆ ಒಪ್ಪಿಗೆಯಾಗಿರಬಹುದು, ಓದುವವನಿಗೆ ಆಗುವುದಿಲ್ಲ ಎಂಬ ಅಭಿಪ್ರಾಯವನ್ನು ಅವನು ವ್ಯಕ್ತಪಡಿಸಿದ್ದಾನೆ. ಇದನ್ನು ಕಂಡು ಸಿಟ್ಟಾದವರುಂಟು. ಆದರೆ ಎರಡನೆಯ ಅಧ್ಯಾಯದ ಹದಿನೆಂಟನೆಯ ಶ್ಲೋಕದ ಮೇಲಣ ಶಾಂಕರಭಾಷ್ಯವನ್ನು ನೋಡಿದವರು ಸಿಟ್ಟಾಗಲಾರರು. ಅಲ್ಲಿ ಯುದ್ಧದ ಕರ್ತವ್ಯತೆಯನ್ನು ವಿಧಿಸಿಲ್ಲ. ಯುದ್ಧದಲ್ಲಿ ತೊಡಗಿಯೇ ಇದ್ದ ಅರ್ಜುನನು ಶೋಕಮೋಹಗಳಿಂದ ತಡೆಯಲ್ಪಟ್ಟಿದ್ದನು. ಆ ತಡೆಯನ್ನು ತೆಗೆಯುವುದಷ್ಟೇ ಭಗವಂತನ ಕೆಲಸ. ಆದುದರಿಂದ ಯುದ್ಧ ಮಾಡೆಂಬುದು ಅನುವಾದವೇ ಹೊರತು ವಿಧಿಯಲ್ಲ ಎಂಬುದು ಭಾಷ್ಯಕಾರರ ಸಿದ್ಧಾಂತ. ಕಾರಣವನ್ನು ಕೊಟ್ಟಿಲ್ಲವೆಂದು ತೋರೋವು ಕಂಡುದು ಸರಿಯಾದುದನ್ನೇ. ಕೊಡಬೇಕಾಗಿತ್ತೆಂದು ತಿಳಿದುದಷ್ಟೇ ತಪ್ಪು. ಭಾಷ್ಯದ ನೆರವಿಲ್ಲದೆ, ಮೂಲಭಾಷೆಯ ಪರಿಚಯವಿಲ್ಲದೆ, ವಿಲ್ಕಿನ್ಸನ ಗದ್ಯವೊಂದನ್ನೇ ಹಿಡಿದು ಈ ಸಂಧಿಯನ್ನು ಮುಟ್ಟಿದ ಓದುಗನನ್ನು ಎರವಲು ವೇದಾಂತಿಯೆಂದು ಕರೆಯುವುದು ನ್ಯಾಯವಲ್ಲ.

ಅವನ ಬಾಳಿನಲ್ಲಿಯೇ ಇದರ ನಿದರ್ಶನವುಂಟು. ೧೮೪೬ನೆಯ ಜುಲೈಯಲ್ಲಿ, ಕೊಳದ ಬಳಿ ಇದ್ದಾಗಲೇ, ದಾಸ್ಯವನ್ನು ಪೋಷಿಸುವ ಸರಕಾರಕ್ಕೆ ತಲೆಗಂದಾಯವನ್ನು ಕೊಡೆನೆಂದು ಹೇಳಿ ಅವನು ಒಂದು ರಾತ್ರಿ ಸೆರೆಯಲ್ಲಿದ್ದನು. ಅದರಿಂದ ದಾಸ್ಯವು ನಿಲ್ಲುವುದೆಂಬ ಎಣಿಕೆ ಅವನಿಗಿರಲಿಲ್ಲ. ಮಾಡಲಾಗದುದನ್ನು ಮಾಡಲಿಲ್ಲ, ಅಷ್ಟೇ. ಆ ಕುರಿತು ಬರೆದ ೧೮೪೯ರ ಪ್ರಬಂಧವನ್ನು ದಕ್ಷಿಣ ಆಫ್ರಿಕದಲ್ಲಿ ಗಾಂಧಿಯವರು ೧೯೦೭ರಲ್ಲಿ ತಮ್ಮ ‘ಇಂಡಿಯನ್ ಒಪಿನಿಯನ್’ ಪತ್ರಿಕೆಯ ಓದುಗರಿಗೆ ಪರಿಚಯ ಮಾಡಿಕೊಟ್ಟುದು ಪ್ರಸಿದ್ಧವಾಗಿದೆ.

ದಿನಚರ್ಯೆಯ ವಿಷಯದಲ್ಲಿ ಮನುಸ್ಮೃತಿಯಿಂದ ಅವನು ಪಡೆದುದನ್ನೂ ಒಂದು ಮಾತಿನಲ್ಲಿ ಹೇಳಬಹುದು. ಉಣ್ಣುವುದು, ಕುಡಿಯುವುದು, ಮಲಮೂತ್ರವಿಸರ್ಜನೆ ಮೊದಲಾದವುಗಳಿಗೂ ಧರ್ಮಶಾಸ್ತ್ರಕಾರನು ನಿಯಮ ಹೇಳಿರುವುದನ್ನು ಕಂಡು ಪಾಶ್ಚಾತ್ಯರು ಹೇಸಿಕೊಳ್ಳುತ್ತಿದ್ದ ಕಾಲದಲ್ಲಿ, ಯಾವುದೂ ಅಲ್ಪವಲ್ಲವೆಂಬ ಆ ಭಾವನೆಯನ್ನು ತೋರೋವು ಮೆಚ್ಚಿದನು. ಪ್ರತಿದಿನ ಬೆಳಗ್ಗೆ ಕೊಳದಲ್ಲಿ ಮುಳುಗುವುದನ್ನು ಧಾರ್ಮಿಕ ಕರ್ಮವೆಂದೇ ಎಣಿಸಿದ್ದನು. ಸ್ಮೃತಿಯಲ್ಲಿ ವರ್ಣಭೇದದ ನಿಷ್ಠುರವಾದ ವಿಧಿಗಳೂ ಇವೆಯೆಂಬುದನ್ನು ಅವನು ಗಮನಕ್ಕೆ ತಂದುಕೊಂಡಂತೆ ಕಾಣುವುದಿಲ್ಲ. ದಾಸ್ಯದ ವಿಷಯದಲ್ಲಿ ಅಷ್ಟು ಎಚ್ಚರವಿದ್ದವನಿಗೆ ಇದು ಒಪ್ಪುವ ಮೌನವಲ್ಲ.

ಕೊಳದ ನೀರು ಗಂಗೆಯ ನೀರಿನೊಡನೆ ಕೂಡಿತೆಂಬ ಪ್ರಸಿದ್ಧವಾದ ಭಾಗವು ಚಳಿಗಾಲದ ಕೊಳವನ್ನು ಕುರಿತ ಅಧ್ಯಾಯದ ಕೊನೆಯಲ್ಲಿ ಬರುತ್ತದೆ. ೧೮೪೬–೪೭ರ ಚಳಿಗಾಲದಲ್ಲಿ ವರ್ತಕರು ಅಲ್ಲಿಯ ಮಂಜುಗಡ್ಡೆಯನ್ನು ಕೊಯ್ದು ರಾಶಿ ಹಾಕಿದರು. ಮದರಾಸು, ಮುಂಬಯಿ, ಕಲ್ಕತ್ತೆಗಳವರು ಈ ನೀರನ್ನು ಕುಡಿಯುವರು, ತಾನು ಮುಂಜಾನೆ ಗೀತೆಯಲ್ಲಿ ಬುದ್ಧಿಯನ್ನು ಮೀಯಿಸುವೆನು ಎಂದು ತೋರೋವು ಎರಡು ನೀರುಗಳನ್ನೂ ಕೂಡಿಸುತ್ತಾನೆ. ಬಾಸ್ಟನ್ನಿನ ಮಂಜುಗಡ್ಡೆಯು ೧೮೩೩ರಿಂದ ಕಲ್ಕತ್ತೆಗೆ ಹಡಗಿನಲ್ಲಿ ಬರುತ್ತಿದ್ದುದು ನಿಜ. ಅದನ್ನು ಇಡಲು ಮದರಾಸಿನ ಸಮುದ್ರತೀರದಲ್ಲಿ ಕಟ್ಟಿದ ಮನೆಯಲ್ಲಿಯೇ ೧೮೯೭ರಲ್ಲಿ ವಿವೇಕಾನಂದರು ಅಮೆರಿಕದ ಯಾತ್ರೆಯಿಂದ ಮರಳಿ ಬಂದು ತಂಗಿದ್ದರು. ಆದರೆ ಆ ವರ್ಷದ ರಾಶಿಯ ಗತಿಯನ್ನು ತೋರೋವೇ ಅದೇ ಅಧ್ಯಾಯದಲ್ಲಿ ಹೇಳಿಬಿಟ್ಟಿದ್ದಾನೆ: ಹತ್ತು ಸಾವಿರ ಟನ್ನುಗಳೆಂದು ಅಂದಾಜಾಗಿದ್ದ ಅದರಲ್ಲಿ ಸ್ವಲ್ಪ ಭಾಗ ಮಾತ್ರ ಸಾಗಿತು, ಉಳಿದುದು ಬಿಸಿಲಿಗೆ ತೆರೆದಂತೆ ಬಿದ್ದಿದ್ದು, ೧೮೪೮ರ ಸೆಪ್ಟೆಂಬರಿನವರೆಗೂ ಮೆಲ್ಲಮೆಲ್ಲನೆ ಕರಗಿ ಕೊಳಕ್ಕೇ ಹಿಂದಿರುಗಿತು. ಸಂಗಮದ ಉತ್ಪ್ರೇಕ್ಷೆಯನ್ನೂ ಕರಗಿದ ಲೆಕ್ಕವನ್ನೂ ಒಂದೇ ಅಧ್ಯಾಯದಲ್ಲಿ ಇಟ್ಟಿರುವ ಪ್ರಾಮಾಣಿಕತೆಯು ಈ ಗ್ರಂಥಕರ್ತನ ವಿಶೇಷ ಗುಣ.

ಉಪಸಂಹಾರದ ಅಧ್ಯಾಯದಲ್ಲಿ ಕೂರೂ ಎಂಬ ಪಟ್ಟಣದ ಶಿಲ್ಪಿಯ ಕಥೆಯೊಂದಿದೆ. ನಿರ್ದೋಷವಾದ ಊರುಗೋಲನ್ನು ಮಾಡಲು ಹೊರಟ ಅವನು ತಕ್ಕ ಮರವನ್ನು ಹುಡುಕಿ ಕೋಲನ್ನು ಮುಗಿಸುವಷ್ಟರಲ್ಲಿ ಗೆಳೆಯರು ಮುದುಕರಾಗಿ ಸಾಯುತ್ತಾರೆ, ರಾಜವಂಶಗಳು ಅಳಿಯುತ್ತವೆ, ಬ್ರಹ್ಮನು ಹಲವು ಸಲ ಮಲಗಿ ಏಳುತ್ತಾನೆ. ಕೋಲು ಮುಗಿದಾಗ ಕಳೆದ ಕಾಲವೆಲ್ಲ ಭ್ರಾಂತಿಯೆಂದು ತಿಳಿಯುತ್ತದೆ. ಇದರ ಮೂಲವು ಯಾವ ಪುರಾಣದಲ್ಲಿಯೂ ದೊರೆತಿಲ್ಲ; ತೋರೋವಿನ ಸ್ವಂತ ಕಲ್ಪನೆಯೆಂದೇ ವಿದ್ವಾಂಸರು ಎಣಿಸುತ್ತಾರೆ. ಎರವು ತಂದ ರಾಜಪುತ್ರನ ಕಥೆಗಿಂತ ಇದು ಹೆಚ್ಚು ಭಾರತೀಯವಾಗಿ ತೋರುವುದು ವಿಚಿತ್ರ. ಆದರೆ ಇಲ್ಲಿಯೂ ಗೆಳೆಯರು ಸಾಯುವುದನ್ನು ಶಿಲ್ಪಿಯು ತಲೆಯೆತ್ತಿ ನೋಡುವುದಿಲ್ಲವೆಂಬುದನ್ನು ಗಮನಿಸಬೇಕು.

ಕೊಳವನ್ನು ಬಿಟ್ಟುದೇಕೆಂಬುದಕ್ಕೆ, ಬಾಳಬೇಕಾದ ಬಾಳುಗಳು ಇನ್ನೂ ಕೆಲವಿದ್ದುವೆಂದಷ್ಟೇ ಗ್ರಂಥದಲ್ಲಿ ಹೇಳಿದೆ. ಅವುಗಳಲ್ಲಿ ಮೊದಲನೆಯದು ಯಾವುದೆಂಬುದು ಚರಿತ್ರೆಯಿಂದ ತಿಳಿಯುತ್ತದೆ. ೧೮೪೭ರ ಅಕ್ಟೋಬರಿನಲ್ಲಿ ಎಮರ್ಸನ್ನನು ಉಪನ್ಯಾಸಗಳಿಗಾಗಿ ಇಂಗ್ಲೆಂಡಿಗೆ ಹಡಗೇರಿದನು. ತೋರೋವು ಅವನ ಮನೆಗೆ ಹೋಗಿ ನೆಲಸಿ, ಮುಂದಣ ವರ್ಷದ ಜುಲೈವರೆಗೆ, ಗೆಳೆಯನ ಹೆಂಡತಿಮಕ್ಕಳ ಯೋಗಕ್ಷೇಮವನ್ನು ನೋಡಿಕೊಂಡು, ತೋಟದ ಕೆಲಸ ಮನೆಯ ಕೆಲಸಗಳನ್ನು ಮಾಡಿಕೊಂಡಿದ್ದನು. ‘ವಾಲ್ಡನ್’ ಗ್ರಂಥದಲ್ಲಿ ಆ ಹತ್ತು ತಿಂಗಳುಗಳ ಮಾತು ಎಲ್ಲಿಯೂ ಬಂದಿಲ್ಲ.